ಪದಚರ್ಚೆ: ‘ಕಾಲ ಪರಿಪೂರ್ಣವಾದಾಗ’ – ಕೈರೊಸೋ, ಕ್ರೊನೊಸೋ?

ಪ್ರಶ್ನೆ: ಬೈಬಲಿನಲ್ಲಿ ಪೌಲ ಗಲಾತ್ಯದವರಿಗೆ ಬರೆದ ಪತ್ರದ (ಗಲಾತ್ಯ 4:4) ‘ಕಾಲವು ಪರಿಪೂರ್ಣವಾದಾಗ’ ಎಂಬಲ್ಲಿ ಮೂಲ ಗ್ರೀಕ್ ಪದ ‘ಕೈರೊಸ್’ ತಾನೆ? ದೇವರು ಗೊತ್ತುಮಾಡಿದ ಸಮಯ ಎಂಬರ್ಥದಲ್ಲಿ ‘ಸುಮುಹೂರ್ತ’ ಎನ್ನಬಹುದೆ?

ಉತ್ತರ: ಅಲ್ಲಿರುವುದು ಕ್ರೊನೊಸ್: ‘ಪ್ಲೇರೋಮ ತೂ ಕ್ರೊನೂ’, ಅಂದರೆ ಕಾಲದ ತುಂಬುವಿಕೆ. ಅಳೆಯುವ ಕಾಲ ಕ್ರೊನೊಸ್, ದೇವರ ಕಾಲ ಕೈರೊಸ್ ಎಂದು ಚರ್ಚಿನ ಉಪದೇಶಗಳಲ್ಲಿ ಗೆರೆ ಎಳೆದು ಹೇಳುವುದುಂಟು. ಆ ಗೆರೆ ಅಳಿಸಲು ಇದೊಂದು ವಾಕ್ಯವೇ ಸಾಕು. ಎಫೆಸ 1:10ರಲ್ಲಿ ಅದೇ ‘ಪ್ಲೇರೋಮ’ ಕೈರೊಸ್‌ನ ಬಹುವಚನದ ಜೊತೆ ಬರುತ್ತದೆ. ಬಿಡಿ ಪದಕ್ಕೆ ಇಷ್ಟು ದೇವಶಾಸ್ತ್ರ ಹೊರಿಸಬಾರದೆಂದು ಬೈಬಲ್ ವಿದ್ವಾಂಸ ಜೇಮ್ಸ್ ಬಾರ್ 1962ರಲ್ಲೇ ವಾದಿಸಿದ್ದರು.

ಮುಹೂರ್ತ ಬೇಡ. ಅಲ್ಲಿ ಶುಭವಾದ ಹೊತ್ತು ಮೊದಲೇ ಇರುತ್ತದೆ, ನಾವು ಪಂಚಾಂಗ ನೋಡಿ ಕೆಲಸವನ್ನು ಅದಕ್ಕೆ ಹೊಂದಿಸುತ್ತೇವೆ. ಪೌಲನಲ್ಲಿ ದಿನ ಗೊತ್ತುಮಾಡುವವನು ತಂದೆ. ಎರಡು ವಚನ ಹಿಂದೆ ಹೋಗಿ: 4:2ರ ‘ಪ್ರೊಥೆಸ್ಮಿಯ’ ಕಾನೂನಿನ ಮಾತು, ನಮ್ಮ ‘ಗಡುವು’. ಇಡೀ ಆಸ್ತಿಗೆ ಬಾಧ್ಯನಾದರೂ ಚಿಕ್ಕವನಿರುವ ತನಕ ಹುಡುಗ ಪಾಲಕರ, ಮನೆವಾರ್ತೆಯವರ ಕೈಕೆಳಗೆ. ತಂದೆ ಇಟ್ಟ ಗಡುವು ಬಂದ ದಿನ ಅವನೇ ಯಜಮಾನ. ಹೀಗಾಗಿ ‘ಕಾಲ ಮಾಗಿದಾಗ’ ಎಂಬುದೂ ಜಾರುತ್ತದೆ. ಹಣ್ಣು ತಾನಾಗಿ ಮಾಗುತ್ತದೆ, ಗಡುವನ್ನು ಯಾರಾದರೂ ಇಡಬೇಕು. ರೋಮನ್ ರಸ್ತೆಗಳು, ಎಲ್ಲೆಡೆ ಹಬ್ಬಿದ್ದ ಗ್ರೀಕ್ ಭಾಷೆ ಸುವಾರ್ತೆಗೆ ಅನುಕೂಲವಾದದ್ದು ನಿಜ. ಪೌಲ ಇಲ್ಲಿ ಆ ಮಾತೆತ್ತಿಲ್ಲ.

‘ಪರಿಪೂರ್ಣ’ ಎಂದರೆ ಇಂದಿನ ಓದುಗರಿಗೆ ‘ಕುಂದಿಲ್ಲದ್ದು’. ಪ್ಲೇರೋಮ ಎಂದರೆ ಅಳತೆ ಭರ್ತಿಯಾಗುವುದು. ‘ಕಾಲ ತುಂಬಿ ಬಂದಾಗ’ ಎಂದರೆ ಚೆನ್ನ. ‘ದಿನ ತುಂಬಿದ ಬಸುರಿ’ ಎನ್ನುತ್ತೇವಲ್ಲ! ಲೂಕ 2:6ರ ಗ್ರೀಕ್‌ನಲ್ಲೂ ಮರಿಯಳಿಗೆ ಹೆರಿಗೆಯ ದಿನಗಳು ‘ತುಂಬಿದವು’ ಎಂದೇ ಇದೆ. ಗಲಾತ್ಯ 4:4 ಕೂಡ ಮಗನು ಸ್ತ್ರೀಯಲ್ಲಿ ಹುಟ್ಟಿದ್ದನ್ನೇ ಮುಂದೆ ಹೇಳುತ್ತದೆ. ಆದರೆ ಬರೀ ‘ಕಾಲ ತುಂಬಿತು’ ಎಂದು ನಿಲ್ಲಿಸಿದರೆ ಯಾರೋ ತೀರಿಕೊಂಡಂತೆ ಕೇಳಿಸುತ್ತದೆ.

ಕೈರೊಸ್ ಬೇಕಿದ್ದರೆ ಮಾರ್ಕ 1:15ರಲ್ಲಿ ಯೇಸು ‘ಕಾಲ ತುಂಬಿತು’ ಎನ್ನುವುದನ್ನು ನೋಡಿ. ಅಲ್ಲಿನ ಕ್ರಿಯಾಪದ, ಆಗಿಹೋದದ್ದರ ಫಲ ಈಗಲೂ ನಿಂತಿದೆ ಎನ್ನುವ ರೂಪದ್ದು. ‘ತುಂಬಿತು’ಗಿಂತ ‘ತುಂಬಿ ಬಂದಿದೆ’ ಹತ್ತಿರ. ಯೋಹಾನ 2:4ರಲ್ಲಿ ಯೇಸು ‘ನನ್ನ ಸಮಯ ಇನ್ನೂ ಬಂದಿಲ್ಲ’ ಎನ್ನುವಲ್ಲಿನ ಗ್ರೀಕ್ ಪದ ‘ಹೋರ’ಕ್ಕೆ ‘ಗಳಿಗೆ’ ಸಾಕು.

ಅಂದಹಾಗೆ, ದೇವರು ಮನುಷ್ಯರನ್ನು ರಕ್ಷಿಸಿದ ಕಥೆಯನ್ನು ‘ರಕ್ಷಣಾ ಇತಿಹಾಸ’ ಎಂದು ಬರೆದರೆ ಸೈನ್ಯದ ಇತಿಹಾಸ ಅನ್ನಿಸುತ್ತದೆ. ‘ರಕ್ಷಣೆಯ ಚರಿತ್ರೆ’ ಎನ್ನಿ.