ಪದಚರ್ಚೆ: ‘ಆಘಾತ’ ಎಂಬ ಒಂದೇ ಪದಕ್ಕೆ ಎಷ್ಟು ಹೊರೆ?

ಪ್ರಶ್ನೆ (ಡೊಂಬಿವಲಿಯಿಂದ):
ತುರ್ತು ಚಿಕಿತ್ಸೆಯ ಈಚಿನ ಅಧ್ಯಯನಗಳ ಬಗ್ಗೆ ಮುಂಬಯಿ ಕನ್ನಡಿಗರಿಗಾಗಿ ಒಂದು ಲೇಖನ ಸಿದ್ಧವಾಗುತ್ತಿದೆ. ಹಾರ್ಟ್ ಅಟ್ಯಾಕ್‌ಗೆ ಹೃದಯಾಘಾತ, ಅಪಘಾತದಂಥದ್ದರಲ್ಲಿ ಬೀಳುವ ಪೆಟ್ಟಿಗೆ, ಅಂದರೆ ಟ್ರಾಮಾಗೆ, ಆಘಾತ, ಸೆಪ್ಟಿಕ್ ಶಾಕ್‌ಗೆ ನಂಜಿನ ಆಘಾತ, ಹೃದಯದ ಬಡಿತ ಸರಿಪಡಿಸಲು ಡಿಫಿಬ್ರಿಲೇಟರ್ ಯಂತ್ರ ಕೊಡುವ ಶಾಕ್‌ಗೆ ವಿದ್ಯುದಾಘಾತ ಎಂದು ಬರೆದರೆ ಒಂದೇ ಪುಟದಲ್ಲಿ ನಾಲ್ಕು ಆಘಾತ. ಕಾರ್ಡಿಯಾಕ್ ಅರೆಸ್ಟನ್ನೂ ಹೃದಯಾಘಾತ ಎನ್ನುವವರಿದ್ದಾರೆ. ಇಲ್ಲಿನವರಿಗೆ ಮರಾಠಿಯ ‘ಝಟಕಾ’ ಚೆನ್ನಾಗಿ ಗೊತ್ತು, ಅದನ್ನೇ ಬಳಸಬಹುದೇ? ತಿಳಿದವರು ದಯವಿಟ್ಟು ಹೇಳಿ.

ಉತ್ತರ (ಪುಣೆಯಿಂದ):
ನಮಸ್ಕಾರ. ಝಟಕಾ ಬೇಡ. ಮರಾಠಿಯಲ್ಲಿ ಹೃದಯವಿಕಾರದ ಝಟಕಾ ಇರುವಂತೆ ಫಿಟ್ಸ್‌ಗೂ ‘ಝಟಕೇ’ ಎನ್ನುತ್ತಾರೆ. ಹೃದಯ ನಿಂತ ಮೊದಲ ಕ್ಷಣಗಳಲ್ಲಿ ಕೈಕಾಲು ಅದುರುವುದುಂಟು. ಅದನ್ನು ಫಿಟ್ಸ್ ಎಂದುಕೊಂಡು ಸುಮ್ಮನೆ ಕಾದರೆ ಜೀವ ಹೋಗುತ್ತದೆ.

ಮೊದಲು ಬೇರೆ ಮಾಡಬೇಕಾದ್ದು ಹೃದಯಾಘಾತ (ಹಾರ್ಟ್ ಅಟ್ಯಾಕ್) ಮತ್ತು ಹೃದಯ ಸ್ತಂಭನ (ಕಾರ್ಡಿಯಾಕ್ ಅರೆಸ್ಟ್). ಹೃದಯಾಘಾತದಲ್ಲಿ ಹೃದಯದ ಸ್ನಾಯುವಿಗೆ ರಕ್ತ ಒಯ್ಯುವ ನಾಳ ಕಟ್ಟಿಕೊಳ್ಳುತ್ತದೆ. ರೋಗಿ ಸಾಮಾನ್ಯವಾಗಿ ಎಚ್ಚರವಾಗಿದ್ದು ಎದೆ ಹಿಂಡುತ್ತಿದೆ ಎನ್ನುತ್ತಾರೆ. ಸ್ತಂಭನದಲ್ಲಿ ಹೃದಯ ರಕ್ತ ತಳ್ಳುವುದೇ ನಿಂತಿರುತ್ತದೆ. ಕರೆದರೆ ಓಗೊಡುವುದಿಲ್ಲ; ಉಸಿರಿರುವುದಿಲ್ಲ, ಇಲ್ಲವೇ ಬಿಟ್ಟುಬಿಟ್ಟು ಗೊರಗುಟ್ಟುತ್ತಾರೆ. ಆ ಗೊರಗೊರ ಸದ್ದನ್ನು ಉಸಿರಾಟವೆಂದು ಎಣಿಸಬಾರದು. 108ಕ್ಕೆ ಕರೆ ಮಾಡಿಸಿ, ಎದೆಯ ನಡುವೆ ನಿಮಿಷಕ್ಕೆ 100ರಿಂದ 120 ಸಲ, 5–6 ಸೆಂ.ಮೀ. ಆಳಕ್ಕೆ ಒತ್ತಬೇಕು. ಪ್ರತಿ ಸಲವೂ ಎದೆ ಪೂರ್ತಿ ಮೇಲೇಳಲು ಬಿಡಬೇಕು, ಇಲ್ಲದಿದ್ದರೆ ಹೃದಯಕ್ಕೆ ರಕ್ತ ಮರಳಿ ತುಂಬುವುದಿಲ್ಲ.

ಪದ ತಪ್ಪಿದರೆ ಅಧ್ಯಯನದ ಅರ್ಥವೂ ತಪ್ಪುತ್ತದೆ. 2018ರ ಪ್ಯಾರಾಮೆಡಿಕ್-2 ಎಂಬ ಅಧ್ಯಯನ ಬ್ರಿಟನ್ನಿನಲ್ಲಿ ಆಸ್ಪತ್ರೆಯ ಹೊರಗೆ ಹೃದಯ ಸ್ತಂಭನವಾದ 8,014 ಮಂದಿಯ ಮೇಲೆ ನಡೆದದ್ದು. ಅಡ್ರಿನಲಿನ್ ಪಡೆದವರಲ್ಲಿ 30 ದಿನಕ್ಕೆ ಬದುಕಿದ್ದವರು ಶೇ. 3.2, ಹುಸಿಮದ್ದು (ಹೋಲಿಕೆಗಾಗಿ ಕೊಡುವ, ಮದ್ದಿಲ್ಲದ ದ್ರವ) ಪಡೆದವರಲ್ಲಿ ಶೇ. 2.4. ಆದರೆ ಬದುಕುಳಿದವರ ಪೈಕಿ ಮೆದುಳಿಗೆ ತೀವ್ರ ಹಾನಿಯಾದವರು ಕ್ರಮವಾಗಿ ಶೇ. 31 ಮತ್ತು ಶೇ. 17.8. ಇದನ್ನು ‘ಹೃದಯಾಘಾತಕ್ಕೆ ಅಡ್ರಿನಲಿನ್’ ಎಂದು ಬರೆದರೆ ಆ ಅಧ್ಯಯನ ಹೇಳದ ಮಾತನ್ನು ಅದರ ಬಾಯಲ್ಲಿ ಆಡಿಸಿದಂತೆ.

ಟ್ರಾಮಾಗೆ ಆಘಾತ ಎನ್ನುವುದು ಇದಕ್ಕಿಂತ ಅಪಾಯ. 2010ರ ಕ್ರ್ಯಾಶ್-2 ಅಧ್ಯಯನದಲ್ಲಿ ಪೆಟ್ಟುಬಿದ್ದು ರಕ್ತಸ್ರಾವವಿದ್ದ, ಇಲ್ಲವೇ ಅದರ ಭಯವಿದ್ದ 20,211 ವಯಸ್ಕರಿದ್ದರು. ಅರ್ಧದಷ್ಟು ಜನಕ್ಕೆ ಟ್ರಾನೆಕ್ಸಾಮಿಕ್ ಆಸಿಡ್: 10 ನಿಮಿಷದಲ್ಲಿ 1 ಗ್ರಾಂ, ಆಮೇಲೆ 8 ಗಂಟೆಗಳಲ್ಲಿ ಇನ್ನೊಂದು ಗ್ರಾಂ. ಹುಸಿಮದ್ದು ಪಡೆದವರಲ್ಲಿ ಸಾವು ಶೇ. 16, ಇವರಲ್ಲಿ ಶೇ. 14.5. 3 ಗಂಟೆ ದಾಟಿ ಕೊಟ್ಟವರಲ್ಲಿ ಮಾತ್ರ ರಕ್ತಸ್ರಾವದ ಸಾವು ಹೆಚ್ಚಾಯಿತು. ‘ಆಘಾತವಾದ 3 ಗಂಟೆಯೊಳಗೆ ಈ ಮದ್ದು’ ಎಂದು ಅಚ್ಚಾದರೆ ಓದುಗರು ಹೃದಯಾಘಾತವನ್ನೇ ನೆನೆಯುತ್ತಾರೆ. ಈ ಮದ್ದು ರಕ್ತದ ಹೆಪ್ಪು ಕರಗದಂತೆ ತಡೆಯುತ್ತದೆ. ಹೃದಯಾಘಾತದಲ್ಲಿ ಬೇಕಾದ್ದು ಹೆಪ್ಪಿನಿಂದ ಕಟ್ಟಿದ ನಾಳವನ್ನು ತೆರೆಯುವುದು. ಆದ್ದರಿಂದ ‘ತೀವ್ರ ಪೆಟ್ಟು’, ‘ತೀವ್ರ ಗಾಯ’ ಎನ್ನಿ. ಲೋಕಲ್ ರೈಲಿನಿಂದ ಬಿದ್ದವರ ಬಗ್ಗೆ ಜನ ಆಡುವ ಮಾತೂ ಅದೇ.

ಶಾಕ್‌ನದು ಬೇರೆ ತೊಡಕು. ‘ಪೇಷಂಟ್ ಶಾಕ್‌ನಲ್ಲಿದ್ದಾರೆ’ ಎಂದರೆ ಮನೆಯವರು ಮನಸ್ಸಿಗೆ ಪೆಟ್ಟಾಗಿದೆ ಎಂದುಕೊಳ್ಳುತ್ತಾರೆ. ಅಂಗಾಂಗಗಳಿಗೆ ಸಾಕಷ್ಟು ರಕ್ತ ತಲುಪದ ಸ್ಥಿತಿ ಅದು. ‘ರಕ್ತಸಂಚಾರ ಕುಸಿತ’ ಎಂದರೆ ತಿಳಿಯುತ್ತದೆ. 2019ರ ಆಂಡ್ರೊಮೀಡಾ-ಶಾಕ್ ಅಧ್ಯಯನ ಹೇಳುವುದೂ ಇದನ್ನೇ. ಬಲತೋರುಬೆರಳ ತುದಿಯ ಒಳಭಾಗವನ್ನು ಗಾಜಿನ ಸ್ಲೈಡಿನಿಂದ ಬಿಳಿಚುವವರೆಗೆ ಒತ್ತಿ, 10 ಸೆಕೆಂಡ್ ಹಿಡಿದು ಬಿಡುವುದು. ಬಣ್ಣ ಮರಳಲು 3 ಸೆಕೆಂಡಿಗಿಂತ ಹೆಚ್ಚಾದರೆ ಸಂಚಾರ ಸರಿಯಿಲ್ಲ. ಸೆಪ್ಟಿಕ್ ಶಾಕ್ ಆದ 424 ರೋಗಿಗಳ ಪೈಕಿ ಈ ಅಳತೆ ಹಿಡಿದು ಚಿಕಿತ್ಸೆ ನಡೆಸಿದವರಲ್ಲಿ 28 ದಿನದ ಸಾವು ಶೇ. 34.9, ರಕ್ತದಲ್ಲಿನ ಲ್ಯಾಕ್ಟೇಟ್ (ಶಾಕ್ ಆದಾಗ ರಕ್ತದಲ್ಲಿ ಏರುವ ಒಂದು ವಸ್ತು) ನೋಡಿ ನಡೆಸಿದವರಲ್ಲಿ ಶೇ. 43.4. ಸಂಖ್ಯಾಶಾಸ್ತ್ರದ ಗಡಿಯನ್ನು ಈ ಅಂತರ ಸ್ವಲ್ಪದರಲ್ಲಿ ದಾಟಲಿಲ್ಲ, ಅದನ್ನು ಬಿಡದೆ ಬರೆಯಿರಿ.

ಡಿಫಿಬ್ರಿಲೇಟರ್ ಯಂತ್ರದ್ದಕ್ಕೆ ‘ಶಾಕ್ ಕೊಡುವುದು’ ಇರಲಿ, ಜನರ ಬಾಯಲ್ಲಿ ನಿಂತಿದೆ.

ಮರುಪ್ರಶ್ನೆ:
ಧನ್ಯವಾದ ಸರ್. ಸೆಪ್ಸಿಸ್‌ಗೆ ‘ನಂಜು’ ಸಾಲದೇ?

ಉತ್ತರ:
ಸಾಲದು. ‘ಗಾಯ ನಂಜಾಗಿದೆ’ ಎಂದರೆ ಆ ಜಾಗದ ಸೋಂಕು ಅಷ್ಟೆ. 2016ರ ವ್ಯಾಖ್ಯೆಯಂತೆ ಸೆಪ್ಸಿಸ್ ಎಂದರೆ ಸೋಂಕಿಗೆ ದೇಹ ಒಡ್ಡುವ ಪ್ರತಿಕ್ರಿಯೆ ಹದ ತಪ್ಪಿ, ಅಂಗಗಳೇ ಕೆಟ್ಟು ಜೀವಕ್ಕೆ ಅಪಾಯವಾಗುವುದು. ಸೆಪ್ಸಿಸ್ ಎಂದೇ ಬರೆದು, ಮೊದಲ ಸಲ ಬಂದಲ್ಲಿ ಈ ವಾಕ್ಯವನ್ನು ಸೇರಿಸಿ. ಸೆಪ್ಟಿಕ್ ಶಾಕ್‌ಗೆ ‘ಸೆಪ್ಸಿಸ್‌ನಿಂದ ರಕ್ತಸಂಚಾರ ಕುಸಿತ’. ಸಾಕಷ್ಟು ದ್ರವ ಕೊಟ್ಟ ಮೇಲೂ ಸರಾಸರಿ ರಕ್ತದೊತ್ತಡವನ್ನು 65 ಮಿ.ಮೀ. ಪಾದರಸದಲ್ಲಿ ನಿಲ್ಲಿಸಲು ಮದ್ದು ಬೇಕಾಗಿ, ಲ್ಯಾಕ್ಟೇಟ್ ಲೀಟರಿಗೆ 2 ಮಿಲಿಮೋಲ್ ಮೀರಿದ್ದರೆ ಮಾತ್ರ ಆ ಹೆಸರು.