‘ಕಳ್ಳಹಡಗು’ ಅನ್ನಬಹುದೇ? ಸ್ಟ್ರೂಮಾ ಕಥೆಗೆ ಒಂದು ಪದ ಬೇಕು

ಗೆಳೆಯರೇ,

ಸ್ಟ್ರೂಮಾ ಅನ್ನುವ ಹಡಗಿನ ಕಥೆಯನ್ನು ಹೈಸ್ಕೂಲು ಮಕ್ಕಳಿಗಾಗಿ ಬರೆಯುತ್ತಿದ್ದೇನೆ. ಮೊದಲ ಸಾಲಲ್ಲೇ ‘ಯಹೂದಿಗಳ ಕಳ್ಳಹಡಗು’ ಅಂತ ಬರೆದಿದ್ದೆ. ಕಳ್ಳಸಾಗಣೆ, ಕಳ್ಳದಾರಿ ಇದ್ದ ಹಾಗೆ ಇದೂ ನಡೆಯುತ್ತದೆ ಅಂದುಕೊಂಡೆ. ಅಮ್ಮ ಓದಿ, “ಪಾಪ, ಏನು ಕದ್ದಿದ್ದರು ಅವರು?” ಅಂದರು. ಅಲ್ಲಿಗೆ ಬರೆಯುವುದು ನಿಂತಿತು.

‘ಕಳ್ಳ’ ಅಂದ ಮಾತ್ರಕ್ಕೆ ಕಳ್ಳತನವೇ ಆಗಬೇಕಿಲ್ಲ, ಗೊತ್ತು. ಕಳ್ಳನೋಟದಲ್ಲಿ ಯಾರೂ ಏನೂ ಕದಿಯುವುದಿಲ್ಲ. ಕೋಟೆಯ ಕಳ್ಳಗಿಂಡಿ ಗುಟ್ಟಿನ ದಾರಿ ಅಷ್ಟೇ. ಆದರೆ ಹಡಗಿನ ಹಿಂದೆ ಸೇರಿದರೆ ಕಡಲ್ಗಳ್ಳರೇ ಕಣ್ಣ ಮುಂದೆ ಬರುತ್ತಾರೆ, ಅಲ್ವಾ?

‘ಗುಟ್ಟಿನ ಹಡಗು’ ಅನ್ನೋಣವೆಂದರೆ ಇದರಲ್ಲಿ ಗುಟ್ಟೇ ಇರಲಿಲ್ಲ. 1941ರ ಡಿಸೆಂಬರ್ 12ರಂದು ರೊಮೇನಿಯಾದ ಕಾನ್‌ಸ್ಟಾಂಟಾ ಬಂದರಿನಿಂದ ಹೊರಟಿತು. ಒಳಗೆ 750ಕ್ಕೂ ಜಾಸ್ತಿ ಜನ, ಅವರಲ್ಲಿ ನೂರಕ್ಕೂ ಹೆಚ್ಚು ಮಕ್ಕಳು. ದುಡ್ಡು ಕೊಟ್ಟು ಟಿಕೆಟ್ ತೆಗೆದುಕೊಂಡವರು. ಅದೇ ವರ್ಷ ಜೂನ್‌ನಲ್ಲಿ ಅವರ ದೇಶದ ಯಾಶ್ ನಗರದಲ್ಲಿ ಸಾವಿರಾರು ಯಹೂದಿಗಳನ್ನು ಕೊಂದಿದ್ದರು. ಹೇಗಾದರೂ ಆಗ ಬ್ರಿಟಿಷರ ಆಡಳಿತದಲ್ಲಿದ್ದ ಪ್ಯಾಲೆಸ್ತೀನ್ ಸೇರಬೇಕಿತ್ತು. ಹಡಗೋ, 1867ರಲ್ಲಿ ಕಟ್ಟಿದ್ದು, ಉದ್ದ ಸುಮಾರು 46 ಮೀಟರ್. ದಾರಿಯಲ್ಲೇ ಎಂಜಿನ್ ಕೆಟ್ಟಿತು. ರಿಪೇರಿಗೆ ಬಂದ ಟಗ್‌ನವರು (ಹಡಗು ಎಳೆಯುವ ದೋಣಿಯವರು) ದುಡ್ಡು ಕೇಳಿದರು. ಜನರ ಕೈಯಲ್ಲಿ ಕಾಸಿರಲಿಲ್ಲ, ಬೆರಳಿನಿಂದ ಮದುವೆಯ ಉಂಗುರ ಬಿಚ್ಚಿ ಕೊಟ್ಟರು. ಇಸ್ತಾಂಬುಲ್ ತಲುಪಿದ ಮೇಲೆ ಸುಮಾರು 70 ದಿನ ಅಲ್ಲೇ ನಿಲ್ಲಬೇಕಾಯಿತು, ಇಡೀ ಊರಿನ ಕಣ್ಣೆದುರು. ಕೆಲವೇ ಕೆಲವರನ್ನು ಬಿಟ್ಟು ಯಾರನ್ನೂ ಟರ್ಕಿಯವರು ಇಳಿಯಗೊಡಲಿಲ್ಲ. ಹೀಗೆ ಕಣ್ಣಿಗೆ ಕಾಣುತ್ತಾ ನಿಂತದ್ದನ್ನು ಗುಟ್ಟು ಅನ್ನುವುದು ಹೇಗೆ?

ಉಳಿದದ್ದು ನಮ್ಮ ಪತ್ರಿಕೆಗಳ ‘ಅಕ್ರಮ ವಲಸಿಗರು’. ಈ ಮಾತು ಬ್ರಿಟಿಷ್ ಸರ್ಕಾರದ್ದು. 1939ರ ಶ್ವೇತಪತ್ರದಲ್ಲಿ ಪ್ಯಾಲೆಸ್ತೀನಿಗೆ ಐದು ವರ್ಷಕ್ಕೆ 75,000 ಯಹೂದಿಗಳು ಅಂತ ಲೆಕ್ಕ ಕಟ್ಟಿದ್ದರು. ಆ ಲೆಕ್ಕದಾಚೆ ಬಂದವರೆಲ್ಲ ಅಕ್ರಮ. ಸರ್ಕಾರದ ಮಾತನ್ನು ಹೇಳುವಾಗ ಈ ಪದ ಇರಲಿ. ಆದರೆ ನನ್ನ ಮಾತಾಗಿ ಅದನ್ನು ಬರೆಯಲು ಮನಸ್ಸು ಒಪ್ಪುತ್ತಿಲ್ಲ.

ಹೀಬ್ರೂವಿನಲ್ಲಿ ಈ ಪಯಣಗಳಿಗೆ ‘ಆಲಿಯಾ ಬೆತ್’ ಅನ್ನುತ್ತಾರೆ. ಬೆತ್ ಅವರ ಎರಡನೆಯ ಅಕ್ಷರ. ಆಲಿಯಾ ಅಂದರೆ ಮೇಲೆ ಹತ್ತುವುದು. ಇನ್ನೊಂದು ಪದ ‘ಹಾಪಾಲಾ’. ಬೈಬಲ್‌ನ ಅರಣ್ಯಕಾಂಡದಲ್ಲಿ ಬೇಡವೆಂದರೂ ಕೇಳದೆ ಕೆಲವರು ಬೆಟ್ಟದ ತುದಿಗೆ ಹತ್ತುತ್ತಾರಲ್ಲ, ಅಲ್ಲಿಂದ ಬಂದದ್ದು. ಅಲ್ಲಿ ಅದು ತಪ್ಪು. ಈ ಹಡಗುಗಳ ಕಾಲಕ್ಕೆ ಅದೇ ಹೆಮ್ಮೆಯ ಪದವಾಯಿತು.

ಕನ್ನಡದ ‘ಹತ್ತು’ ಇಲ್ಲಿ ಚೆನ್ನಾಗಿ ಒದಗುತ್ತದೆ ಅನ್ನಿಸುತ್ತದೆ. ಬೆಟ್ಟವನ್ನೂ ಹತ್ತುತ್ತೇವೆ, ಹಡಗನ್ನೂ ಹತ್ತುತ್ತೇವೆ. ಕರಾವಳಿಯಿಂದ ಬದುಕು ಹುಡುಕಿ ಹೊರಟವರು ‘ಘಟ್ಟ ಹತ್ತಿದರು’ ಅನ್ನುತ್ತೇವೆ, ಅಲ್ಲಿ ಹತ್ತುವುದೇ ವಲಸೆ. ಉತ್ತರ ಕರ್ನಾಟಕದ ‘ಗುಳೆ’ಯನ್ನೂ ಯೋಚಿಸಿದೆ. ಆದರೆ ಗುಳೆ ಹೋದವರು ಮಳೆ ಬಂದರೆ ಊರಿಗೆ ಮರಳುತ್ತಾರೆ. ಇವರಿಗೆ ಮರಳಲು ಊರೇ ಉಳಿದಿರಲಿಲ್ಲ. ಸದ್ಯಕ್ಕೆ ‘ಹಟ ಹಿಡಿದು ಹತ್ತಿದವರು’ ಅಂತ ಬರೆದಿದ್ದೇನೆ. ಉದ್ದವಾಯಿತು. ಒಂದೇ ಪದ ಹೊಳೆದರೆ ಹೇಳಿ.

ಇನ್ನೊಂದು ತೊಡಕು ಇದಕ್ಕಿಂತ ದೊಡ್ಡದು. ಫೆಬ್ರವರಿಯಲ್ಲಿ 11ರಿಂದ 16 ವರ್ಷದ ಮಕ್ಕಳನ್ನು ಪ್ಯಾಲೆಸ್ತೀನಿನ ಒಳಗೆ ಬಿಡಲು ಬ್ರಿಟಿಷರು ಒಪ್ಪಿದರು. ಅವರನ್ನು ಕರೆದೊಯ್ಯುವುದು ಹೇಗೆ ಅನ್ನುವ ಮಾತಿನಲ್ಲೇ ದಿನ ಕಳೆಯಿತು. 1942ರ ಫೆಬ್ರವರಿ 23ರಂದು ಟರ್ಕಿಯ ಪೊಲೀಸರು ಹಡಗಿಗೆ ನುಗ್ಗಿದರು. ಟಗ್ ಕಟ್ಟಿ ಬಾಸ್ಫರಸ್ ಜಲಸಂಧಿಯಲ್ಲಿ ಎಳೆದೊಯ್ದರು. ಎರಡೂ ದಡದವರಿಗೆ ಕಾಣಲಿ ಅಂತ ಜನ ‘ನಮ್ಮನ್ನು ಉಳಿಸಿ’ ಅನ್ನುವ ಫಲಕಗಳನ್ನು ಪಕ್ಕಕ್ಕೆ ಇಳಿಬಿಟ್ಟಿದ್ದರು. ಕಪ್ಪು ಸಮುದ್ರದಲ್ಲಿ ಹಗ್ಗ ಬಿಚ್ಚಿ ಟಗ್ ವಾಪಸ್ ಬಂತು. ಎಂಜಿನ್ ಸತ್ತಿತ್ತು. ಮರುದಿನ ಬೆಳಿಗ್ಗೆ ಸೋವಿಯತ್ ಜಲಾಂತರ್ಗಾಮಿಯೊಂದು ಟಾರ್ಪಿಡೊ ಹೊಡೆಯಿತು. ಬದುಕಿ ದಡ ಸೇರಿದ್ದು ಒಬ್ಬನೇ, 19 ವರ್ಷದ ಡೇವಿಡ್ ಸ್ಟೋಲಿಯರ್.

ಹಗ್ಗ ಬಿಚ್ಚಿದ ಆ ಗಳಿಗೆಗೆ ‘ನಡುನೀರಿನಲ್ಲಿ ಕೈಬಿಟ್ಟರು’ ಅಂತ ಬರೆದೆ. ನಮ್ಮಲ್ಲಿ ಪಾಲುದಾರ ಕೈಕೊಟ್ಟರೂ ಹಾಗೇ ಅನ್ನುತ್ತೇವೆ. ಮಕ್ಕಳು ಅದನ್ನು ಸುಮ್ನೆ ಆಡುಮಾತು ಅಂತ ಓದಿಕೊಂಡು ಮುಂದೆ ಹೋದರೆ? ಇಲ್ಲಿ ನೀರು ನಿಜವಾದ ನೀರು. ‘ತೇಲಿಬಿಟ್ಟರು’ ಅಂದರೆ ಕಾಗದದ ದೋಣಿ ಬಿಟ್ಟ ಹಾಗೆ ಕೇಳುತ್ತದೆ. ‘ಹಗ್ಗ ಬಿಚ್ಚಿ ಹಿಂದಿರುಗಿದರು’ ಅಂತಷ್ಟೇ ಬರೆದರೆ ಸಾಕೇ? ಮೀನುಗಾರರ ಮನೆಯವರು ಯಾರಾದರೂ ಇಲ್ಲಿದ್ದರೆ, ಎಳೆಯುತ್ತಿದ್ದ ದೋಣಿಯನ್ನು ಕಡಲಲ್ಲೇ ಬಿಟ್ಟು ಬರುವುದಕ್ಕೆ ನಿಮ್ಮ ಕಡೆ ಏನನ್ನುತ್ತಾರೆ, ದಯವಿಟ್ಟು ತಿಳಿಸಿ.