ರೆಪ್ಪೆ ಮೇಲಿನ ಕೆಂಪು ಮಚ್ಚೆ: ಏಳು ವಾರದ ಮಗುವಿಗೆ ಪ್ರೊಪ್ರನೊಲಾಲ್ ಈಗಲೇ ಬೇಕೇ?

ಪ್ರಶ್ನೆ: ಹಾಸನದ ತಾಯಿ

ಮಗಳಿಗೆ ಏಳು ವಾರ, ತೂಕ 4.5 ಕೆಜಿ. ಹುಟ್ಟಿದಾಗ ಬಲಗಣ್ಣಿನ ಮೇಲ್ರೆಪ್ಪೆಯಲ್ಲಿ ಬಿಳಿಚಿದ ಸಣ್ಣ ಕಲೆ ಇತ್ತು. ಮೂರನೇ ವಾರದಿಂದ ಕೆಂಪಾಗಿ ಉಬ್ಬುತ್ತಾ ಬಂದು ಈಗ ಒಂದೂವರೆ ಸೆಂ.ಮೀ. ಆಗಿದೆ. ಆ ಕಣ್ಣು ಪೂರ್ತಿ ತೆರೆಯುವುದಿಲ್ಲ. ಡಾಕ್ಟರ್ ಇನ್‌ಫೆಂಟೈಲ್ ಹೆಮ್ಯಾಂಜಿಯೋಮಾ (ಶಿಶುಗಳಲ್ಲಿ ಬರುವ ರಕ್ತನಾಳದ ಗಂಟು) ಎಂದರು. ಹೃದಯ ಪರೀಕ್ಷೆ, ಇಸಿಜಿ ಸರಿ ಇದೆ. ಪ್ರೊಪ್ರನೊಲಾಲ್ ಎಂಬ ಬಿಪಿ ಔಷಧ ಬರೆದಿದ್ದಾರೆ: ಮೊದಲ ವಾರ ದಿನಕ್ಕೆ ಕೆಜಿಗೆ 1 ಮಿ.ಗ್ರಾಂ., ಆಮೇಲೆ 2 ಮಿ.ಗ್ರಾಂ., ಎರಡು ಹೊತ್ತಾಗಿ ಹಂಚಿ.

ಮನೆಯಲ್ಲಿ ಹಿರಿಯರು "ಗ್ರಹಣದ ಮಚ್ಚೆ, ತಾನಾಗೇ ಹೋಗುತ್ತೆ, ಕೂಸಿಗೆ ಬಿಪಿ ಮಾತ್ರೆ ಯಾಕೆ" ಅನ್ನುತ್ತಿದ್ದಾರೆ. ಕಾದರೆ ಏನಾಗುತ್ತದೆ? ಅಂಗಡಿಯಲ್ಲಿ ಸಿಕ್ಕಿದ್ದು 10 ಮಿ.ಗ್ರಾಂ. ಮಾತ್ರೆ, ಇಷ್ಟು ಸಣ್ಣ ಡೋಸ್ ಅಳೆಯುವುದು ಹೇಗೆ?

ಉತ್ತರ 1: ಮಕ್ಕಳ ಚರ್ಮರೋಗ ತಜ್ಞೆ

ಕಾಯಬೇಡಿ. ಇದೇ ಗಂಟು ಬೆನ್ನ ಮೇಲೋ ತೊಡೆಯ ಮೇಲೋ ಇದ್ದು ಹುಣ್ಣಾಗದಿದ್ದರೆ ಸುಮ್ಮನೆ ನೋಡುತ್ತಾ ಇರಿ ಅನ್ನಬಹುದಿತ್ತು. ರೆಪ್ಪೆಯದು ಹಾಗಲ್ಲ. ಅದು ಕಣ್ಣಿಗೆ ಅಡ್ಡ ಬಂದರೆ, ಅಥವಾ ಗುಡ್ಡೆಯನ್ನು ಒತ್ತಿ ಅದರ ಆಕಾರ ಕೆಡಿಸಿದರೆ, ಮೆದುಳು ಆ ಕಣ್ಣಿನ ನೋಟವನ್ನು ಬಳಸುವುದನ್ನೇ ಕಲಿಯುವುದಿಲ್ಲ. ಮುಂದೆ ಗಂಟು ಪೂರ್ತಿ ಕರಗಿದರೂ ಆ ದೃಷ್ಟಿ ತಾನಾಗಿ ಮರಳುವುದಿಲ್ಲ. ಹಾಗಾಗಿ ಮಕ್ಕಳ ಕಣ್ಣಿನ ತಜ್ಞರಿಗೂ ಈ ವಾರವೇ ತೋರಿಸಿ.

ಹಿರಿಯರ ಮಾತು ಅರ್ಧ ನಿಜ. ಇದು ತಾನಾಗಿ ಕುಗ್ಗುತ್ತದೆ. ಆದರೆ ಕುಗ್ಗಲು ಶುರುವಾಗುವುದು ಹೆಚ್ಚಾಗಿ ಒಂದು ವರ್ಷದ ಹೊತ್ತಿಗೆ, ಬಹುಪಾಲು ಮುಗಿಯುವುದು ನಾಲ್ಕನೇ ವರ್ಷಕ್ಕೆ. ಆಮೇಲೂ ಜೋತುಬಿದ್ದ ಚರ್ಮ, ಕೊಬ್ಬಿನ ಗಡ್ಡೆ, ಎಳೆಎಳೆ ರಕ್ತನಾಳ ಉಳಿಯಬಹುದು. ಬೆಳೆಯುವುದು ಮಾತ್ರ ಬಹಳ ಬೇಗ: ಐದರಿಂದ ಏಳನೇ ವಾರದ ನಡುವೆ ವೇಗ ಅತಿ ಹೆಚ್ಚು, ಮೂರು ತಿಂಗಳಿಗೆ ಪೂರ್ತಿ ಗಾತ್ರದ ಸುಮಾರು 80% ಆಗಿರುತ್ತದೆ. ನಿಮ್ಮ ಮಗು ಈಗ ಆ ಏರಿನಲ್ಲೇ ಇದೆ.

ಗ್ರಹಣಕ್ಕೂ ಇದಕ್ಕೂ ಸಂಬಂಧವಿಲ್ಲ. ಇದು ರಕ್ತನಾಳದ ಒಳಪದರದ ಜೀವಕೋಶಗಳು ಅತಿಯಾಗಿ ಬೆಳೆದು ಆಗುವ ಗಂಟು. ಹೆಣ್ಣುಮಕ್ಕಳಲ್ಲಿ, ಅವಧಿಗೆ ಮುಂಚೆ ಹುಟ್ಟಿದವರಲ್ಲಿ, ತೂಕ ಕಡಿಮೆ ಇದ್ದವರಲ್ಲಿ ಹೆಚ್ಚು. ಬಸಿರಿನಲ್ಲಿ ನೀವು ಏನು ತಿಂದಿರಿ, ಯಾವಾಗ ಹೊರಗೆ ಹೋದಿರಿ ಎಂಬುದರಿಂದ ಬಂದದ್ದಲ್ಲ. ಆ ಭಾರ ಹೊರಬೇಡಿ.

ಬಿಪಿ ಮಾತ್ರೆ ಇಲ್ಲಿಗೆ ಬಂದದ್ದು ಫ್ರಾನ್ಸಿನ ಬೋರ್ಡೊ ನಗರದಿಂದ. ಮೂಗಿನ ಮೇಲೆ ಹೆಮ್ಯಾಂಜಿಯೋಮಾ ಇದ್ದ ಮಗುವಿಗೆ ಸ್ಟೆರಾಯ್ಡ್‌ನಿಂದ ಹೃದಯದ ಸ್ನಾಯು ದಪ್ಪವಾಯಿತು. ಅದಕ್ಕೆಂದು ಪ್ರೊಪ್ರನೊಲಾಲ್ ಕೊಟ್ಟ ಮರುದಿನವೇ ಗಂಟು ಕಡುಗೆಂಪಿನಿಂದ ನೇರಳೆಗೆ ತಿರುಗಿ ಮೆತ್ತಗಾಯಿತು. ಕ್ರಿಸ್ಟೀನ್ ಲಿಯೋಟೆ-ಲಾಬ್ರೆಜ್ ಮತ್ತು ಸಂಗಡಿಗರು 2008ರಲ್ಲಿ ಹನ್ನೊಂದು ಮಕ್ಕಳ ವಿವರ ಪ್ರಕಟಿಸಿದರು. 2015ರಲ್ಲಿ 460 ಶಿಶುಗಳ ಪ್ರಯೋಗದ ಫಲಿತಾಂಶ ಬಂತು: ದಿನಕ್ಕೆ ಕೆಜಿಗೆ 3 ಮಿ.ಗ್ರಾಂ.ನಂತೆ ಆರು ತಿಂಗಳು ಪಡೆದವರಲ್ಲಿ 60% ಮಕ್ಕಳ ಗಂಟು ಪೂರ್ತಿ ಅಥವಾ ಬಹುತೇಕ ಹೋಗಿತ್ತು. ಔಷಧವಿಲ್ಲದ ದ್ರವ ಪಡೆದವರಲ್ಲಿ 4%.

ಉತ್ತರ 2: ಆಸ್ಪತ್ರೆ ಫಾರ್ಮಸಿಸ್ಟ್

ಅಳತೆಯ ಬಗ್ಗೆ. ದಯವಿಟ್ಟು ಮಾತ್ರೆಯನ್ನು ಮುರಿದು ಚೂರು ಕೊಡಬೇಡಿ, ಚೂರುಗಳು ಸಮ ಬರುವುದಿಲ್ಲ.

10 ಮಿ.ಗ್ರಾಂ.ನ ಒಂದು ಮಾತ್ರೆಯನ್ನು ನುಣ್ಣಗೆ ಪುಡಿ ಮಾಡಿ, ಕುದಿಸಿ ಆರಿಸಿದ ನೀರು ಸೇರಿಸಿ ಒಟ್ಟು 10 ಮಿ.ಲೀ. ಮಾಡಿ. ಈಗ 1 ಮಿ.ಲೀ.ನಲ್ಲಿ 1 ಮಿ.ಗ್ರಾಂ. ಇರುತ್ತದೆ. ಮೊದಲ ವಾರ ದಿನಕ್ಕೆ 4.5 ಮಿ.ಗ್ರಾಂ., ಅಂದರೆ ಹೊತ್ತಿಗೆ 2.25 ಮಿ.ಲೀ. ಸೂಜಿ ತೆಗೆದ ಸಿರಿಂಜಿನಲ್ಲಿ ಅಷ್ಟು ನಿಖರವಾಗಿ ಎಳೆಯಲಾಗದು, 2.2 ಎಂದು ಇಳಿಸಿಕೊಳ್ಳಬಹುದೇ ಎಂದು ಡಾಕ್ಟರನ್ನು ಕೇಳಿ, ಅವರಿಂದಲೇ ಮಿ.ಲೀ. ಲೆಕ್ಕದಲ್ಲಿ ಚೀಟಿಯ ಮೇಲೆ ಬರೆಸಿಕೊಳ್ಳಿ. ಮಾತ್ರೆಯ ಪುಡಿ ತಳದಲ್ಲಿ ಕೂರುತ್ತದೆ, ಆದ್ದರಿಂದ ಕಲಕಿದ ತಕ್ಷಣ ಎಳೆಯಿರಿ. ಮಿಕ್ಕಿದ್ದು ಚೆಲ್ಲಿ, ಪ್ರತಿ ಸಲ ಹೊಸದು ಮಾಡಿ.

ಮುಂದೆ ಯಾರಾದರೂ ತಯಾರಾದ ದ್ರವ ಕೊಟ್ಟರೆ ಬಾಟಲಿಯ ಮೇಲಿನ ಸಾಂದ್ರತೆ ಓದದೆ ಹಳೇ ಮಿ.ಲೀ. ಲೆಕ್ಕದಲ್ಲಿ ಕೊಡಬೇಡಿ. ಅಮೆರಿಕದಲ್ಲಿ ಮಾರುವ ಹೆಮಾಂಜಿಯೋಲ್‌ನಲ್ಲಿ 1 ಮಿ.ಲೀ.ಗೆ 4.28 ಮಿ.ಗ್ರಾಂ. ಇದೆ. ಮೊದಲಿನಂತೆ 2.2 ಮಿ.ಲೀ. ಕೊಟ್ಟರೆ ನಾಲ್ಕು ಪಟ್ಟು ಔಷಧ ಹೋಗುತ್ತದೆ.

ಎರಡು ಡೋಸ್‌ಗಳ ನಡುವೆ ಕನಿಷ್ಠ 9 ಗಂಟೆ ಇರಲಿ. ಕೊಡುವುದು ಹಾಲು ಕುಡಿಯುವಾಗ ಅಥವಾ ಕುಡಿದ ಕೂಡಲೇ. ಈ ವಯಸ್ಸಿನಲ್ಲಿ 5 ಗಂಟೆಗಿಂತ ಹೆಚ್ಚು ಹಾಲಿಲ್ಲದೆ ಮಲಗಿಸಬೇಡಿ, ರಾತ್ರಿಯೂ ಎಬ್ಬಿಸಿ ಕುಡಿಸಿ. ಈ ಔಷಧದ ದೊಡ್ಡ ಅಪಾಯ ರಕ್ತದ ಸಕ್ಕರೆ ಇಳಿಯುವುದು. ಸಕ್ಕರೆ ಇಳಿದಾಗ ಎದೆ ಹೊಡೆದುಕೊಳ್ಳುವುದು, ನಡುಕ ಮುಂತಾದ ಮೊದಲ ಸುಳಿವುಗಳನ್ನು ಇದು ಮುಚ್ಚಿಬಿಡುತ್ತದೆ. ಬೆವರು, ಮೈ ತಣ್ಣಗಾಗುವುದು, ಎಬ್ಬಿಸಿದರೂ ಏಳದ ಮಂಪರು, ಸೆಟೆತ ಕಂಡರೆ ನೇರ ಎಮರ್ಜೆನ್ಸಿಗೆ ಹೋಗಿ.

ಮಗು ಹಾಲು ಬಿಟ್ಟರೆ, ವಾಂತಿ ಭೇದಿ ಶುರುವಾದರೆ, ಎದೆಯಲ್ಲಿ ಸುಯ್ ಶಬ್ದ ಬಂದರೆ ಆ ಹೊತ್ತಿನ ಡೋಸ್ ನಿಲ್ಲಿಸಿ ಡಾಕ್ಟರಿಗೆ ಫೋನ್ ಮಾಡಿ. ಕೊಟ್ಟ ಮೇಲೆ ಕಕ್ಕಿದರೆ ಮತ್ತೆ ಕೊಡಬೇಡಿ. ಕೈಕಾಲು ತಣ್ಣಗಿರುವುದು, ನಿದ್ದೆ ಕೆಡುವುದು ಸಾಮಾನ್ಯ, ಅದಕ್ಕಾಗಿ ನೀವಾಗಿ ನಿಲ್ಲಿಸಬೇಡಿ. ಲಸಿಕೆಗಳನ್ನು ತಪ್ಪಿಸುವ ಅಗತ್ಯವಿಲ್ಲ.

ಹಾಸನದ ತಾಯಿ

ತುಂಬಾ ಧನ್ಯವಾದ ಮೇಡಂ, ಸರ್. ಇನ್ನೆರಡು ಕೇಳುತ್ತೇನೆ. ಟಿಮೊಲಾಲ್ ಹನಿ ಹಚ್ಚಿದರೆ ಸಾಲದೇ? ಕತ್ತಿನ ಹಿಂದೆ ಚಪ್ಪಟೆಯಾದ ತಿಳಿಗೆಂಪು ಕಲೆಯೂ ಇದೆ, ಅದೂ ಇದೇನಾ?

ಉತ್ತರ 3: ಮಕ್ಕಳ ಚರ್ಮರೋಗ ತಜ್ಞೆ

ಟಿಮೊಲಾಲ್ ಪ್ರೊಪ್ರನೊಲಾಲ್ ಜಾತಿಯದೇ ಔಷಧ, ಅದರ 0.5% ಹನಿ ತೆಳುವಾದ, ಮೇಲ್ಮೈಯ ಸಣ್ಣ ಮಚ್ಚೆಗೆ ಸರಿ. ಕಣ್ಣು ಮುಚ್ಚುವಷ್ಟು ದಪ್ಪ ಗಂಟಿನ ಆಳಕ್ಕೆ ಅದು ಇಳಿಯುವುದಿಲ್ಲ. ಹುಣ್ಣಾದ ಜಾಗಕ್ಕೆ ಹಚ್ಚಿದರೆ ರಕ್ತಕ್ಕೂ ಸೇರುತ್ತದೆ. ಹಚ್ಚುವ ಔಷಧ ಅಂದಮಾತ್ರಕ್ಕೆ ನಿರಪಾಯವಲ್ಲ.

ಕತ್ತಿನ ಹಿಂದಿನದು ಬಹುಶಃ ಸಾಲ್ಮನ್ ಪ್ಯಾಚ್, ನವಜಾತ ಶಿಶುಗಳಲ್ಲಿ ತುಂಬಾ ಸಾಮಾನ್ಯ, ಅದಕ್ಕೆ ಏನೂ ಬೇಡ. ಮುಂದಿನ ಭೇಟಿಯಲ್ಲಿ ತೋರಿಸಿ ಸಾಕು. ಪೋರ್ಟ್ ವೈನ್ ಮಚ್ಚೆ ಬೇರೆಯೇ: ಹುಟ್ಟುವಾಗಲೇ ಚಪ್ಪಟೆಯಾಗಿದ್ದು ಮಗುವಿನ ಜೊತೆಗೇ ಬೆಳೆಯುತ್ತದೆ, ಮಾಸುವುದಿಲ್ಲ, ಪ್ರೊಪ್ರನೊಲಾಲ್‌ಗೆ ಕರಗುವುದೂ ಇಲ್ಲ. ಅದರ ಮೂಲ ಜಿಎನ್‌ಎಕ್ಯೂ ಎಂಬ ಜೀನಿನ ಬದಲಾವಣೆ ಎಂದು 2013ರಲ್ಲಿ ಗೊತ್ತಾಯಿತು. ಸಂಶಯ ಉಳಿದಾಗ ಗಂಟಿನ ತುಣುಕಿನಲ್ಲಿ ಗ್ಲುಟ್-1 ಪ್ರೋಟೀನ್ ನೋಡುತ್ತಾರೆ. ಇನ್‌ಫೆಂಟೈಲ್ ಹೆಮ್ಯಾಂಜಿಯೋಮಾದಲ್ಲಿ ಇರುತ್ತದೆ, ಪೋರ್ಟ್ ವೈನ್‌ನಲ್ಲಿ ಇರುವುದಿಲ್ಲ. ನಿಮ್ಮ ಮಗುವಿನ ಲಕ್ಷಣ ಸ್ಪಷ್ಟವಾಗಿದೆ, ಬಯಾಪ್ಸಿ ಬೇಡ.

ಮೈಯೆಲ್ಲ ಒಮ್ಮೆ ನೋಡಿ. ಇಂಥ ಕೆಂಪು ಗಂಟುಗಳು ಐದು ಅಥವಾ ಹೆಚ್ಚು ಇದ್ದರೆ ಲಿವರ್‌ನಲ್ಲೂ ಇರಬಹುದು, ಅಲ್ಟ್ರಾಸೌಂಡ್ ಬೇಕಾಗುತ್ತದೆ. ನಮ್ಮ ಮೈಬಣ್ಣದಲ್ಲಿ ಅವು ಕೆಂಪಾಗಿರದೆ ನೇರಳೆ ಅಥವಾ ಕಂದು ಛಾಯೆಯಲ್ಲಿ ಕಾಣಬಹುದು, ಹಗಲು ಬೆಳಕಿನಲ್ಲೇ ಹುಡುಕಿ.

ಔಷಧ ಕನಿಷ್ಠ ಆರು ತಿಂಗಳು, ಹೆಚ್ಚಿನವರಿಗೆ ಒಂದು ವರ್ಷ ತುಂಬುವವರೆಗೆ ಬೇಕು. ಬೇಗ ನಿಲ್ಲಿಸಿದರೆ ಕೆಲವರಲ್ಲಿ ಮತ್ತೆ ಬೆಳೆಯುತ್ತದೆ. ತೂಕ ಏರಿದಂತೆ ಡೋಸ್ ಲೆಕ್ಕ ಬದಲಾಗಬೇಕು, ಪ್ರತಿ ಭೇಟಿಯಲ್ಲೂ ತೂಕ ಮಾಡಿಸಿ. ವಾರಕ್ಕೊಂದು ಫೋಟೋ, ಪಕ್ಕದಲ್ಲಿ ಸ್ಕೇಲ್ ಇಟ್ಟು, ಅದೇ ಕಿಟಕಿಯ ಬೆಳಕಿನಲ್ಲಿ ತೆಗೆಯಿರಿ. ಅಳುವಾಗ ಗಂಟು ಉಬ್ಬಿ ಕಪ್ಪಾಗುತ್ತದೆ, ಆಗ ತೆಗೆದ ಫೋಟೋ ಹೋಲಿಕೆಗೆ ಬರುವುದಿಲ್ಲ.